ಹಳೆಯ ಗಣಕಯಂತ್ರಕ್ಕೆ ಯಾವ ವ್ಯವಸ್ಥೆ?

ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಸಿಂಗಟಗೆರೆಯಂತಹ ಹೋಬಳಿಯ ಗೃಹಸ್ಥರು ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ಉಂಟು. ಆದರೆ ಅದರಲ್ಲಿಯೂ ಹಲವು ಕವಲುಗಳಿವೆ.

ಗುಂಡಿಯೊತ್ತಿದೊಡನೆ ಯಂತ್ರದ ಸೇವೆಗಳನ್ನು ಕ್ರಮವಾಗಿ ಎಬ್ಬಿಸುವ ತಂತ್ರಾಂಶವೇ ಆರಂಭ ನಿರ್ವಾಹಕ. ೧೯೯೩ರಲ್ಲಿ ಹುಟ್ಟಿದ ಡೆಬಿಯನ್ ಬಳಗವು ೨೦೧೪ರಲ್ಲಿ ಹಳೆಯ ನಿರ್ವಾಹಕದ ಬದಲು ‘ಸಿಸ್ಟಮ್‌ಡಿ’ಯನ್ನು ಆರಿಸಿಕೊಂಡಿತು. ಅದು ಹಲವು ಸೇವೆಗಳನ್ನು ಏಕಕಾಲಕ್ಕೆ ಎಬ್ಬಿಸಬಲ್ಲುದು. ಒಂದೇ ತಂತ್ರಾಂಶದ ಕೈಗೆ ಅತಿಯಾದ ಅಧಿಕಾರ ಸೇರಿತೆಂಬುದು ಒಪ್ಪದವರ ಆಕ್ಷೇಪ. ಅವರು ಅದೇ ವರ್ಷ ‘ಡೆವುವಾನ್’ ಎಂಬ ಕವಲನ್ನು ಘೋಷಿಸಿ, ೨೦೧೭ರಲ್ಲಿ ಅದರ ಮೊದಲ ಸ್ಥಿರ ಆವೃತ್ತಿಯನ್ನು ಹೊರತಂದರು. ಮೂಲಸಂಕೇತವು ಸರ್ವರಿಗೂ ತೆರೆದಿದ್ದುದರಿಂದ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಇಂದು ಅದರಲ್ಲಿ ಸಿಸ್‌ವಿಇನಿಟ್, ಓಪನ್‌ಆರ್‌ಸಿ, ರನ್‌ಇಟ್ ಎಂಬ ನಿರ್ವಾಹಕಗಳು ದೊರೆಯುತ್ತವೆ.

ಮನೆಗೆ ಯಾವುದು ಯೋಗ್ಯ? ಮೊದಲು ಮಕ್ಕಳ ಪಾಠ, ಜಮೀನಿನ ಪತ್ರ, ಕುಟುಂಬದ ಭಾವಚಿತ್ರಗಳನ್ನು ಬೇರೆಡೆ ನಕಲು ಮಾಡಿರಿ. ಯಂತ್ರದೊಳಗೆ ಸ್ಥಾಪಿಸದೆಯೇ ಪೆನ್‌ಡ್ರೈವ್‌ನಿಂದ ನಡೆಸಿ, ಕನ್ನಡ ಅಕ್ಷರ, ಮುದ್ರಣಯಂತ್ರ, ಧ್ವನಿ, ಅಂತರ್ಜಾಲ ಸರಿಯಾಗಿವೆಯೇ ಎಂದು ಪರೀಕ್ಷಿಸಿರಿ. ಸಿಸ್ಟಮ್‌ಡಿಯನ್ನು ಬಲ್ಲವರು ಹೆಚ್ಚು. ಆದುದರಿಂದ ಕೆಟ್ಟಾಗ ನೆರವು ಸುಲಭ. ಬೇರೆ ನಿರ್ವಾಹಕವನ್ನು ಕಲಿತು ನೋಡಿಕೊಳ್ಳುವ ಆಸಕ್ತರು ಮನೆಯಲ್ಲಿದ್ದರೆ ಡೆವುವಾನ್ ಉತ್ತಮ ಆಯ್ಕೆಯೇ. ಅಂಥವರಿಲ್ಲದಿದ್ದರೆ ಡೆಬಿಯನ್ ಸಾಕು. ಮುಂದೆ ಮನಸ್ಸು ಬದಲಾದರೂ ಹಾದಿ ತೆರೆದೇ ಇರುತ್ತದೆ.