ಫಾರ್ಮ್ಯಾಟ್ ಹೊಡೆಯೋಕೆ ಮುಂಚೆ ಒಂದ್ನಿಮಿಷ...

ಹಳೇ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಎರರ್ ಬಂತು ಅಂದ ಕೂಡಲೇ ನಮ್ಮವರು ಕೊಡೋ ಸಲಹೆ ಒಂದೇ. "ಫಾರ್ಮ್ಯಾಟ್ ಹೊಡ್ದುಬಿಡಿ ಸಾರ್, ಸರಿಹೋಗತ್ತೆ." ಸ್ವಲ್ಪ ಹೆಚ್ಚು ತಿಳಿದವರಾದರೆ "ಚೆಕ್‌ಡಿಸ್ಕ್ ಓಡಿಸಿ ನೋಡಿ" ಅಂತಾರೆ. ನನ್ನ ಪ್ರಕಾರ ಎರಡೂ ತಪ್ಪು. ಸಲಹೆ ತಪ್ಪಲ್ಲ, ಅದನ್ನು ಕೊಡುವ ಹೊತ್ತು ತಪ್ಪು. ಡಿಸ್ಕು ರಗಳೆ ಶುರುಮಾಡಿದಾಗ ಮೊದಲು ಕೇಳಬೇಕಾದ್ದು "ಇದನ್ನ ಹೇಗೆ ಓಡಿಸೋದು?" ಅಂತಲ್ಲ. "ಇದರೊಳಗೆ ಏನಿದೆ? ಅದರ ಇನ್ನೊಂದು ಪ್ರತಿ ಎಲ್ಲಿದೆ?" ಅಂತ.

ಕನ್ನಡದಲ್ಲಿ ಬರೆಯುವ ನಮಗೆ ಈ ಪ್ರಶ್ನೆ ಇನ್ನೂ ಮುಖ್ಯ. ಬರಹ ತಂತ್ರಾಂಶ ಬಂದದ್ದು 1998ರಲ್ಲಿ. ಆಮೇಲೆ ನುಡಿ ಬಂತು. ಯೂನಿಕೋಡ್ ಕೈಗೆ ಹತ್ತುವ ಮುಂಚೆ ನಮ್ಮವರು ಕುಟ್ಟಿದ ಕತೆ, ಕವಿತೆ, ಊರಿನ ಇತಿಹಾಸ, ವಂಶವೃಕ್ಷ, ಮದುವೆ ಕರೆಯೋಲೆ ಎಲ್ಲ 20 ಜಿಬಿ, 40 ಜಿಬಿ ಐಡಿಇ ಡಿಸ್ಕುಗಳಲ್ಲೇ ಕೂತಿವೆ. ಅವುಗಳಲ್ಲಿ ಎಷ್ಟೋ ಅಂತರ್ಜಾಲವನ್ನ ನೋಡೇ ಇಲ್ಲ. ಜಾಲಕ್ಕೆ ಏರಿದ್ದಾದರೂ ಉಳೀತಾ ಅಂದರೆ ಅದೂ ಇಲ್ಲ. ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಬಿಟ್ಟಿ ಜಾಗದಲ್ಲಿ ಮನೆ ಕಟ್ಟಿಕೊಂಡ ನಮಗೆಲ್ಲ ಇದು ನೆನಪಿರಬೇಕು!

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ತಮ್ಮೂರಿನ ಕೆರೆ, ಗುಡಿ, ಜಾತ್ರೆ ಬಗ್ಗೆ ಏಳೆಂಟು ವರ್ಷ ಕೂತು ನುಡಿಯಲ್ಲಿ ಬರೆದಿಟ್ಟಿದ್ದರು. ಕಂಪ್ಯೂಟರ್ ಶುರುವಾಗ್ತಿಲ್ಲ ಅಂತ ಅಂಗಡಿಗೆ ಕೊಟ್ಟರು. ಎರಡೇ ದಿನದಲ್ಲಿ ವಾಪಸ್ ಬಂತು. ಹೊಸ ವಿಂಡೋಸು, ಹೊಸ ವಾಲ್‌ಪೇಪರು, ಎಲ್ಲ ಚೆನ್ನಾಗಿತ್ತು. ಬರೆದದ್ದು ಮಾತ್ರ ಇರಲಿಲ್ಲ. ಅಂಗಡಿ ಹುಡುಗನನ್ನ ಬೈದು ಏನು ಮಾಡೋದು? ಓಡೋ ಹಾಗೆ ಮಾಡಿಕೊಡಪ್ಪ ಅಂದರು, ಮಾಡಿಕೊಟ್ಟ. ಒಳಗೇನಿದೆ ಅಂತ ಇವರು ಹೇಳಲಿಲ್ಲ, ಅವನು ಕೇಳಲಿಲ್ಲ. ಈ ಕೇಳದಿರುವ ಅಭ್ಯಾಸದ ಮೇಲೇ ನನ್ನ ಸಿಟ್ಟು.

ತಮಾಷೆ ಅಂದರೆ, ಡಿಸ್ಕ್ ಎರರ್ ಅಂತ ಬರೋದೆಲ್ಲ ಡಿಸ್ಕಿನದೇ ತಪ್ಪಲ್ಲ. 'ನಾನ್ ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್' ಅಂತ ಬಂದರೆ ಫ್ಲಾಪಿ ಡ್ರೈವಿನಲ್ಲಿ ಹಳೇ ಫ್ಲಾಪಿ ಮಲಗಿದೆಯಾ ನೋಡಿ. ಗಡಿಯಾರ ಯಾವುದೋ ಹಳೇ ಇಸವಿಗೆ ಹೋಗಿ, ಡಿಸ್ಕೇ ಕಾಣ್ತಿಲ್ಲ ಅಂದರೆ ಮದರ್‌ಬೋರ್ಡಿನ ಬ್ಯಾಟರಿ ಸತ್ತು ಬಯಾಸ್ ಎಲ್ಲ ಮರೆತಿರಬಹುದು. ಸಾಮಾನ್ಯವಾಗಿ ಅದು ಸಿಆರ್2032, ನಾಣ್ಯದಂಥದ್ದು, ಯಾವ ವಾಚ್ ಅಂಗಡಿಯಲ್ಲೂ ಸಿಗತ್ತೆ. ಇನ್ನು ಆ ಅಗಲವಾದ ರಿಬ್ಬನ್ ಕೇಬಲ್ಲು ಸಡಿಲವಾದರೂ ಇದೇ ಗೋಳು. ವಿಂಡೋಸ್ ಎಕ್ಸ್‌ಪಿಯಲ್ಲಂತೂ ಒಂದು ವಿಚಿತ್ರ ಇದೆ. ಇಂಥ ಆರು ಎರರ್ ಸೇರಿದ ಮೇಲೆ ಅದು ಡಿಸ್ಕಿನ ವೇಗವನ್ನ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಕೊನೆಗೆ ಪಿಐಒ ಅನ್ನೋ ಎತ್ತಿನಗಾಡಿ ವೇಗಕ್ಕೆ ತಂದುಬಿಡತ್ತೆ. ಜನ 'ವೈರಸ್ಸು' ಅಂತಾರೆ, ಫಾರ್ಮ್ಯಾಟ್ ಹೊಡೀತಾರೆ. ತಪ್ಪು ಇದ್ದದ್ದು ಕೇಬಲ್ಲಿನಲ್ಲಿ!

ಹಾಗಾದರೆ ಗೊತ್ತಾಗೋದು ಹೇಗೆ? ಡಿಸ್ಕೇ ತನ್ನ ಜಾತಕ ಬರೆದಿಟ್ಟುಕೊಳ್ಳತ್ತೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್, ಎರಡೂ ಪುಕ್ಕಟೆ. ಪಟ್ಟಿ ಉದ್ದವಿದೆ, ಮೂರು ಸಾಲು ನೋಡಿದರೆ ಸಾಕು. 5ನೇ ನಂಬರು, ಕೆಟ್ಟ ಜಾಗ ಬಿಟ್ಟು ಮೀಸಲು ಜಾಗಕ್ಕೆ ಹೋದ ಸೆಕ್ಟರುಗಳ ಲೆಕ್ಕ. 197, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. 199, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ದಾರಿಯಲ್ಲಿ ಕೆಟ್ಟ ದತ್ತಾಂಶ. 199 ಮಾತ್ರ ಏರುತ್ತಿದ್ದರೆ ಕೇಬಲ್ ಬದಲಾಯಿಸಿ ನೋಡಿ. 5, 197 ಏರುತ್ತಿದ್ದರೆ ಡಿಸ್ಕು ಹೊರಡೋ ತಯಾರಿಯಲ್ಲಿದೆ ಅಂತಲೇ ಲೆಕ್ಕ.

ಹಾಗಂತ ಜಾತಕ ಚೆನ್ನಾಗಿದೆ ಅಂತ ನಿದ್ದೆ ಮಾಡೋ ಹಾಗೂ ಇಲ್ಲ. ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನ ಗಮನಿಸಿ 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕು 60 ದಿನದೊಳಗೆ ಸಾಯುವ ಸಂಭವ, ಎರರ್ ಇಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಹೇಳದೆ ಕೇಳದೆ ಹೋದವು.

ಈಗ ಚೆಕ್‌ಡಿಸ್ಕ್ ವಿಷಯ. ಅದಕ್ಕೆ ಬೇಕಾದ್ದು ಫೈಲ್ ವ್ಯವಸ್ಥೆಯ ಲೆಕ್ಕ ತಾಳೆಯಾಗೋದು, ನಿಮ್ಮ ಕವಿತೆ ಅಲ್ಲ. ತಾಳೆಯಾಗದ ಸಾಲನ್ನ ಹೊಡೆದುಹಾಕತ್ತೆ, ಅದೂ ಅದೇ ಸಾಯ್ತಿರೋ ಡಿಸ್ಕಿನ ಮೇಲೇ ಬರೆದು. ಕೆಟ್ಟ ಸೆಕ್ಟರ್ ಹುಡುಕು ಅಂದರಂತೂ ಇಡೀ ಡಿಸ್ಕನ್ನ ಗಂಟೆಗಟ್ಟಲೆ ಉಜ್ಜತ್ತೆ. ಉಳಿದಿರೋದೇ ನಾಲ್ಕು ಗಂಟೆ ಆಯಸ್ಸು ಅಂದರೆ ಅದನ್ನ ಈ ಕೆಲಸಕ್ಕೆ ಖರ್ಚು ಮಾಡಬೇಕಾ? ಫಾರ್ಮ್ಯಾಟ್ ಇನ್ನೂ ಸ್ವಾರಸ್ಯ. ವಿಸ್ಟಾದಿಂದ ಈಚಿನ ವಿಂಡೋಸ್‌ಗಳಲ್ಲಿ ಪೂರ್ತಿ ಫಾರ್ಮ್ಯಾಟ್ ಅಂದರೆ ಉದ್ದಕ್ಕೂ ಸೊನ್ನೆ ಬರೆಯೋದು. ಓದಲಾಗದ ಸೆಕ್ಟರಿನ ಮೇಲೆ ಹೊಸದಾಗಿ ಬರೆದರೆ ಅದು ಒಂದೋ ಸರಿಹೋಗತ್ತೆ, ಇಲ್ಲ ಮೀಸಲು ಜಾಗಕ್ಕೆ ಹೋಗತ್ತೆ. ಎರರ್ ಮಾಯ! ಸೆಕ್ಟರಿನಲ್ಲಿದ್ದದ್ದೂ ಮಾಯ. "ಸರಿಹೋಯ್ತು ಸಾರ್" ಅನ್ನೋದರ ಅರ್ಥ ಇಷ್ಟೇ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರ್ತಿದ್ದರೆ ತಕ್ಷಣ ಆರಿಸಿ, ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷಿಸಬೇಡಿ. ಬರೆದದ್ದಕ್ಕೆ ಬೆಲೆ ಇದೆ ಅನಿಸಿದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಸದ್ದಿಲ್ಲ, ಎರರ್ ಮಾತ್ರ ಅಂದರೆ ಅದರಿಂದ ವಿಂಡೋಸ್ ಶುರುಮಾಡಬೇಡಿ, ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ. ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ವಿಚಾರಿಸಿ. ಆಮೇಲೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆಯಿರಿ. ಅದು ಜಾಣ. ಸಲೀಸಾಗಿ ಓದಲು ಬರೋದನ್ನ ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಕೊನೆಗೆ ಹೋಗತ್ತೆ. ಎಲ್ಲಿಗೆ ನಿಂತಿತ್ತು ಅಂತ ನಕ್ಷೆ ಬರೆದಿಡತ್ತೆ, ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ರಿಪೇರಿ ಸರ್ಕಸ್ಸೆಲ್ಲ ಆ ಪ್ರತಿಯ ಮೇಲೆ ಮಾಡಿ, ಮೂಲದ ಮೇಲೆ ಬೇಡ. ಫ್ರೀಜರಿನಲ್ಲಿಡಿ, ಮುಚ್ಚಳ ಬಿಚ್ಚಿ ಊದಿ ಅನ್ನೋ ಮನೆಮದ್ದುಗಳೂ ಬೇಡ. ತಣ್ಣಗಾದ ಡಿಸ್ಕಿನೊಳಗೆ ನೀರು ಹನಿಗಟ್ಟತ್ತೆ, ಬಿಚ್ಚಿದರೆ ಧೂಳು ಕೂರತ್ತೆ.

"ಇಷ್ಟೆಲ್ಲ ಮಾಡೋಕೆ ಅದರಲ್ಲೇನು ಚಿನ್ನ ಇದೆಯಾ?" ಅಂತ ಕೇಳುವವರಿದ್ದಾರೆ. ಇರಲಿಕ್ಕಿಲ್ಲ. ಹಳೇ ನುಡಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸದ ರಾಶಿಯಂತೆ ಕಾಣಬಹುದು. ಎಸೀಬೇಡಿ, ಅದನ್ನ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ. ಚಿನ್ನವೋ ಕಸವೋ ಅಂತ ಓದಿದ ಮೇಲೆ ತೀರ್ಮಾನಿಸೋಣ, ಓದೋಕೇ ಸಿಗದ ಹಾಗೆ ಮಾಡಿ ಅಲ್ಲ.

ವರ್ಷಕ್ಕೊಮ್ಮೆ ಆಯುಧಪೂಜೆ ದಿನ ಸಿಪಿಯು ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವು ಮುಡಿಸ್ತೀವಲ್ಲ, ಈ ಸಲ ಅದಕ್ಕೆ ಮುಂಚೆ ಒಂದು ಬ್ಯಾಕಪ್ ತೆಗೆಯೋಣ. ಅಟ್ಟದ ಮೇಲಿರೋ ಡಬ್ಬಕ್ಕೂ ಸೇರಿಸಿ. ಏನಂತೀರಾ?