ಸೀರಿಯಲ್ ಲ್ಯಾಬೇ ಬೇರೆ, ನಿಜವಾದ ಲ್ಯಾಬೇ ಬೇರೆ!

ಪಾತ್ರೆ ತೊಳೆದಿಟ್ಟು ಉಸ್ಸಪ್ಪಾ ಅಂತ ಟಿವಿ ಮುಂದೆ ಕೂತರೆ, ಮನೆಮಂದಿಗೆಲ್ಲಾ ಪತ್ತೇದಾರಿ ಧಾರಾವಾಹಿಯೇ ಬೇಕು. 1998ರಲ್ಲಿ ಶುರುವಾದ ಹಿಂದಿಯ ‘ಸಿಐಡಿ’ 2018ರವರೆಗೆ ನಡೆದು, 2024ರಲ್ಲಿ ಮತ್ತೆ ಬಂತು. ಅದರ ಡಾ. ಸಾಳುಂಖೆ ಯಾರಿಗೆ ಗೊತ್ತಿಲ್ಲ ಹೇಳಿ? ಒಂದು ಕೂದಲೆಳೆ ಸಿಕ್ಕರೆ ಸಾಕು, ಜಾಹೀರಾತು ಮುಗಿಯುವಷ್ಟರಲ್ಲಿ ಕೊಲೆಗಾರನ ಜಾತಕ ಸಿದ್ಧ!

ನಿಜವಾದ ಲ್ಯಾಬ್ ಹಾಗಿಲ್ಲ ಕಣ್ರೀ. ಡಿಎನ್‌ಎ ಯಾರ ಹೆಸರು, ವಿಳಾಸವನ್ನೂ ಹೇಳುವುದಿಲ್ಲ. ಶಂಕಿತನ ಮಾದರಿ ಜೊತೆ ಹೋಲಿಸಿದಾಗಷ್ಟೇ ಹೊಂದುತ್ತದೋ ಇಲ್ಲವೋ ಅಂತ ತಿಳಿಯುವುದು. ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಮಾದರಿಗಳೂ ಸರದಿ ಕಾಯಬೇಕು. ವರದಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಇಂಜೆಕ್ಷನ್ ಚುಚ್ಚಿ ಸತ್ಯ ಕಕ್ಕಿಸುವ ಮಂಪರು ಪರೀಕ್ಷೆಯನ್ನಂತೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಕರ್ನಾಟಕದ್ದೇ ಆದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೀಗೆ ಹೇಳಿದೆ.

ಕಥೆ ಅಂತ ನೋಡಿದರೆ ತೊಂದರೆಯಿಲ್ಲ. ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳು ಅತ್ಯಾಚಾರದ ದೂರು ಕೊಟ್ಟಾಗ ನೋಡಿ ತೊಂದರೆ. ‘ಡಿಎನ್‌ಎ ಸಿಕ್ಕಿಲ್ವಂತೆ, ಹಾಗಾದ್ರೆ ಸುಳ್ಳೇ ಇರ್ಬೇಕು’ ಅಂತ ಸಂಜೆ ವಾಕಿಂಗ್‌ನಲ್ಲೇ ತೀರ್ಪು ಬಂದುಬಿಡುತ್ತದೆ. ದೂರು ತಡವಾಗಿರಬಹುದು, ಅವಳು ಸ್ನಾನ ಮಾಡಿರಬಹುದು, ಬಟ್ಟೆ ಒಗೆದಿರಬಹುದು. ಕುರುಹು ಸಿಗಲಿಲ್ಲ ಅಂದರೆ ಘಟನೆಯೇ ನಡೆದಿಲ್ಲ ಅಂತಲ್ಲ. ನೊಂದವಳ ಮಾತು ನಂಬುವಂತಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ.

ಅಂಥ ಕಷ್ಟ ಯಾರಿಗೂ ಬಾರದಿರಲಿ. ಬಂದರೆ ಇಷ್ಟು ನೆನಪಿಡಿ.

* ಸ್ನಾನಕ್ಕೆ ಮುಂಚೆಯೇ ಆಸ್ಪತ್ರೆಗೆ ಹೋಗಬೇಕು. ಸ್ನಾನ ಆಗಿದ್ದರೂ ಹೋಗಲೇಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ, ಉಚಿತವಾಗಿ ಚಿಕಿತ್ಸೆ ಕೊಡಬೇಕೆಂಬ ಕಾನೂನು 2013ರಿಂದಲೂ ಇದೆ.

* ತೊಟ್ಟಿದ್ದ ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಕವರಿಗೂ ತುರುಕಬೇಡಿ, ತೇವಕ್ಕೆ ಬೂಷ್ಟು ಹಿಡಿದು ಕುರುಹು ಹಾಳಾಗುತ್ತದೆ. ನೆರಳಲ್ಲಿ ಆರಿಸಿ ಕಾಗದದ ಚೀಲದಲ್ಲಿಡಿ.

* ಮನೆಗೆ ಕಳ್ಳ ನುಗ್ಗಿದ್ದರೂ ಅಷ್ಟೇ. ಏನೇನು ಹೋಯಿತು ಅಂತ ಬೀರು ತಡಕಾಡಬೇಡಿ, ನೆಲ ಒರೆಸಬೇಡಿ. ಮೊದಲು 112ಕ್ಕೆ ಫೋನ್ ಮಾಡಿ.

ಸೀರಿಯಲ್‌ನಲ್ಲಾದರೆ ಬಾಗಿಲು ಒಡೆದುಕೊಂಡು ದಯಾ ಬರುತ್ತಾನೆ. ಇಲ್ಲಿ ಮೊದಲು ಬರುವವರು ಅಕ್ಕಪಕ್ಕದ ಮನೆಯವರು, ಅಂದರೆ ನೀವೇ. ಅವಳ ಮಾತು ಕೇಳಿಸಿಕೊಳ್ಳಿ, ಬಟ್ಟೆ ಜೋಪಾನ ಮಾಡಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ತೀರ್ಪು ಕೊಡೋ ಕೆಲಸ ಕೋರ್ಟಿಗಿರಲಿ.