ಬೆಲೆಯ ಚೀಟಿ ಮುಚ್ಚಿಟ್ಟು ಕೇಳಿಸಿ

2022ರ ಜುಲೈನಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಎಂಜಿನಿಯರುಗಳು ಒಂದು ಸಂಗತಿ ಒಪ್ಪಿಕೊಂಡರು. ಪೂರ್ತಿ ಅನಲಾಗ್ ಎಂದು ನಂಬಿ ಜನ ಕೊಳ್ಳುತ್ತಿದ್ದ ಅವರ ದುಬಾರಿ ಎಲ್‌ಪಿಗಳಲ್ಲಿ ಹಲವನ್ನು ತಯಾರಿಸುವಾಗ ನಡುವೆ ಡಿಜಿಟಲ್ ಹಂತವೊಂದಿತ್ತು. ಮೂಲ ಟೇಪನ್ನು ಡಿಎಸ್‌ಡಿ ಎಂಬ ಡಿಜಿಟಲ್ ರೂಪಕ್ಕೆ ಇಳಿಸಿ, ಅದನ್ನು ಮತ್ತೆ ಅನಲಾಗ್ ಮಾಡಿ ತಟ್ಟೆ ಕೊರೆಯುತ್ತಿದ್ದರು. ಅಂದರೆ ಆ ಸಂಗೀತವೆಲ್ಲ ಒಂದು ಡ್ಯಾಕ್, ಎಂದರೆ ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ ಸಾಧನ, ದಾಟಿಯೇ ಬಂದಿತ್ತು. ಡಿಜಿಟಲ್ ಸೋಂಕು ತಗುಲಿದರೆ ಕ್ಷಣದಲ್ಲಿ ಗುರುತಿಸುತ್ತೇವೆ ಎಂದು ದಶಕಗಳಿಂದ ಬರೆದುಕೊಂಡು ಬಂದ ಪಂಥದವರೇ ಆ ತಟ್ಟೆಗಳನ್ನು ಅನಲಾಗ್ ಧ್ವನಿಯ ಶಿಖರವೆಂದು ಕೊಂಡಾಡಿದ್ದರು. ಗುಟ್ಟು ರಟ್ಟಾದದ್ದು ಯಾರದೋ ಕಿವಿ ಹಿಡಿದುಕೊಟ್ಟದ್ದರಿಂದಲ್ಲ, ಒಳಗಿನವರ ಮಾತು ಹೊರಬಿದ್ದದ್ದರಿಂದ. ಗ್ರಾಹಕರು ಕೋರ್ಟಿಗೆ ಹೋದರು. ಮರುವರ್ಷ ಸುಮಾರು 2.5 ಕೋಟಿ ಡಾಲರಿನ ರಾಜಿಯಾಯಿತು.

ಅಷ್ಟಾದ ಮೇಲೂ ಮೇಜಿನ ಮೇಲಿಡುವ ಡ್ಯಾಕ್ ಮತ್ತು ಹೆಡ್‌ಫೋನ್ ಆಂಪ್ಲಿಫೈಯರ್‌ಗಳ ವಿಮರ್ಶೆ ಮಾತ್ರ ಹಳೆಯ ಜಾಡಿನಲ್ಲೇ ನಡೆದಿದೆ. ಒಂದು ಪೆಟ್ಟಿಗೆಯ ಧ್ವನಿ ಬೆಚ್ಚಗಿದೆಯಂತೆ, ಇನ್ನೊಂದರಲ್ಲಿ ವಾದ್ಯಗಳ ನಡುವೆ ಹೆಚ್ಚು ಗಾಳಿ ಆಡುತ್ತದಂತೆ, ಬೆಲೆ ಮೂರು ಪಟ್ಟಾದರೆ ತಂಬೂರಿಯ ಜವಾರಿಯೂ ಮೂರು ಪಟ್ಟು ಸ್ಪಷ್ಟವಂತೆ. ಎರಡು ಸಾಧನಗಳ ಧ್ವನಿಮಟ್ಟವನ್ನು ಸಮ ಮಾಡದೆ, ಯಾವುದು ಯಾವುದೆಂದು ಗೊತ್ತಿದ್ದುಕೊಂಡೇ ಕೇಳಿ ಬರೆದದ್ದನ್ನು ವಿಮರ್ಶೆಯೆಂದು ಮುದ್ರಿಸುವುದು ನಿಲ್ಲಬೇಕು. ಅದು ಓದುಗನ ಹಣದ ವಿಷಯದಲ್ಲಿ ನಡೆಯುತ್ತಿರುವ ಅನ್ಯಾಯ.

ಮಟ್ಟದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮೋಸ ಹೋಗುವುದು ಹೆಚ್ಚಾಗಿ ಅಲ್ಲೇ. ಒಂದು ಡ್ಯಾಕ್ 2 ವೋಲ್ಟ್ ಕೊಡುತ್ತದೆ, ಪಕ್ಕದ್ದು 2.5 ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಸುಮಾರು 2 ಡೆಸಿಬೆಲ್. ಬ್ಯಾಲೆನ್ಸ್ಡ್ ಔಟ್‌ಪುಟ್‌ನಲ್ಲಿ 4 ವೋಲ್ಟ್ ಬಂದರೆ 2 ವೋಲ್ಟಿನದಕ್ಕೂ ಅದಕ್ಕೂ ವ್ಯತ್ಯಾಸ 6 ಡೆಸಿಬೆಲ್. ಇಷ್ಟು ದೊಡ್ಡ ಅಂತರವಂತೂ ಯಾರಿಗೂ ಕೇಳಿಸುತ್ತದೆ. ಆದರೆ ಅದು ಅರ್ಧ ಡೆಸಿಬೆಲ್‌ಗೆ ಇಳಿದಾಗ ಕಿವಿ ಅದನ್ನು ‘ಜೋರು’ ಎಂದು ಹೇಳುವುದಿಲ್ಲ, ‘ತಿಳಿ’ ಎನ್ನುತ್ತದೆ, ‘ಜೀವಂತ’ ಎನ್ನುತ್ತದೆ. ವಿಮರ್ಶಕ ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜಕ್ಕೂ ಹಾಗೆ ಕೇಳಿಸಿದೆ. ಅದಕ್ಕೆ ಕಾರಣ ಪೆಟ್ಟಿಗೆಯ ಗುಣವಲ್ಲ ಎನ್ನುವುದೇ ಗೋಳು. ಹಾಗಾಗಿಯೇ ಧ್ವನಿ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ನಡೆಸುವವರು 0.1 ಡೆಸಿಬೆಲ್ ಒಳಗೆ ಮಟ್ಟ ಸರಿಮಾಡಿಕೊಂಡೇ ಕೂರುತ್ತಾರೆ.

ಹಾಗೆ ಕೂತಾಗ ಏನಾಗುತ್ತದೆ? ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೈ ರೆಸಲ್ಯೂಶನ್ ಸಂಗೀತವನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ಸಿ.ಡಿ. ಮಟ್ಟದ 16 ಬಿಟ್ ಪರಿವರ್ತನೆಯ ಮೂಲಕ ಹಾಯಿಸಿ ಕೇಳಿಸಿದರು. 554 ಸಲ ಕೇಳಿದ್ದರಲ್ಲಿ ಸರಿ ಉತ್ತರ 276. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಎದುರುಪಕ್ಷದವರು ತೋರಿಸುವ ಕೆಲಸವೂ ಇದೆ: ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ 18 ಅಧ್ಯಯನಗಳನ್ನು ಒಟ್ಟುಗೂಡಿಸಿ, ಹೈ ರೆಸಲ್ಯೂಶನ್ ಗುರುತಿಸುವ ಸಾಮರ್ಥ್ಯ ಕಾಕತಾಳೀಯಕ್ಕಿಂತ ತುಸು ಮೇಲಿದೆ, ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು ಎಂದು ತೋರಿಸಿದರು. ಅದನ್ನು ನಾನು ಒಪ್ಪುತ್ತೇನೆ. ಒಟ್ಟು ಲೆಕ್ಕದಲ್ಲಿ ಅದು ಸುಮಾರು ಶೇ. 52. ಇಷ್ಟು ಸೂಕ್ಷ್ಮವಾದದ್ದನ್ನು ‘ಹಗಲು ರಾತ್ರಿಯ ವ್ಯತ್ಯಾಸ’ ಎಂದು ಬರೆಯುವ ಹಕ್ಕು ಯಾರಿಗೂ ಇಲ್ಲ.

ಕಿವಿಯನ್ನು ಬಿಟ್ಟು ಉಪಕರಣದ ಅಳತೆಯನ್ನೇ ನಂಬುವವರ ಪಾಳೆಯದ ಮೇಲೂ ನನ್ನ ತಕರಾರಿದೆ. ಸಂಗೀತಕ್ಕೂ ಸಾಧನ ತಾನಾಗಿ ಬೆರೆಸುವ ಸದ್ದು, ವಿರೂಪಗಳಿಗೂ ಇರುವ ಅಂತರವನ್ನು ಅವರು ಸಿನಾಡ್ ಎಂಬ ಒಂದೇ ಅಂಕಿಗೆ ಇಳಿಸಿ ಪಟ್ಟಿ ಹಚ್ಚುತ್ತಾರೆ. 115 ಡೆಸಿಬೆಲ್‌ನದು ಕೆಳಗೆ, 120ರದು ಮೇಲೆ. 16 ಬಿಟ್ ಸಂಗೀತದ ಮಿತಿಯೇ ಸುಮಾರು 98 ಎಂದಮೇಲೆ, ಅದರಾಚೆಯ ಆ ಐದು ಡೆಸಿಬೆಲ್‌ಗೆ ಯಾವ ಕಿವಿ ಹಣ ಕೊಡಬೇಕು? 2020ರಲ್ಲಿ ಬಂದ ಟಾಪಿಂಗ್ ಎಲ್30 ಆಂಪ್ಲಿಫೈಯರ್ ಆ ಪಟ್ಟಿಯ ತುದಿಗೇರಿತ್ತು. ಆಮೇಲೆ ಗೊತ್ತಾಯಿತು, ಮೊದಲ ಕಂತಿನ ಕೆಲವು ಸ್ಥಿರ ವಿದ್ಯುತ್ತಿನ ಸಣ್ಣ ಆಘಾತಕ್ಕೇ ಕೆಟ್ಟು, ಸಿಕ್ಕಿಸಿದ ಹೆಡ್‌ಫೋನನ್ನೂ ಹಾಳುಮಾಡಬಲ್ಲವು ಎಂದು. ಆ ಅಪಾಯ ಸಿನಾಡ್ ಅಂಕಿಯೊಳಗೆ ಎಲ್ಲಿ ಕಾಣಬೇಕಿತ್ತು?

ಕೊಳ್ಳುವವನಿಗೆ ಬೇಕಾದ ಪ್ರಶ್ನೆಗಳು ಬೇರೆ. ನನ್ನ ಹೆಡ್‌ಫೋನಿಗೆ ಇದರ ಶಕ್ತಿ ಸಾಕೇ? 300 ಓಮಿನ ಸೆನ್‌ಹೈಸರ್ ಎಚ್‌ಡಿ 650 ಕೇವಲ 1 ವೋಲ್ಟಿಗೆ 103 ಡೆಸಿಬೆಲ್ ಸದ್ದು ಮಾಡುತ್ತದೆ. ಮನೆಯಲ್ಲಿ ಕೇಳಲು ಅದು ಧಾರಾಳ, ಅದಕ್ಕೆ ದೊಡ್ಡ ಪೆಟ್ಟಿಗೆ ಬೇಕೇ ಬೇಕೆಂಬುದು ಮಾರುವವರು ಹಬ್ಬಿಸಿದ ಮಾತು. ಹೈಫೈಮ್ಯಾನ್ ಎಚ್‌ಇ6ರ ಕತೆಯೇ ಬೇರೆ: 1 ಮಿಲಿವ್ಯಾಟಿಗೆ 83.5 ಡೆಸಿಬೆಲ್ ಅಷ್ಟೇ. ಜೋರಾದ ಸಂಗೀತದ ಏರುಗಳಲ್ಲಿ 110 ಮುಟ್ಟಲು ಅರ್ಧ ವ್ಯಾಟಿಗೆ ಹತ್ತಿರ ಬೇಕು. ಇಲ್ಲಿ ಒಳ್ಳೆಯ ಆಂಪ್ಲಿಫೈಯರ್ ಶೋಕಿಯಲ್ಲ, ಅಗತ್ಯ. ಆಂಪ್ಲಿಫೈಯರಿನ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಅದು ಒಡ್ಡುವ ವಿದ್ಯುತ್ ತಡೆ, ಎಷ್ಟು? ಅದು ಹೆಡ್‌ಫೋನಿನ ಇಂಪಿಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಾದರೆ, ಹಲವು ಡ್ರೈವರ್‌ಗಳಿರುವ ಇಯರ್‌ಫೋನುಗಳಲ್ಲಿ ಸ್ವರಗಳ ಸಮತೋಲವೇ ಬದಲಾಗಬಹುದು. ವಾಲ್ಯೂಮ್ ತಗ್ಗಿಸಿದಾಗ ಎಡ ಬಲ ಕಿವಿಗಳ ಸದ್ದು ಸಮವಾಗಿ ಉಳಿಯುತ್ತದೆಯೇ? ಸೂಕ್ಷ್ಮ ಇಯರ್‌ಫೋನಿನಲ್ಲಿ ಹಿಸ್ಸೆನ್ನುತ್ತದೆಯೇ? ಇವೆಲ್ಲ ಕೇಳಿಸುವ ಸಂಗತಿಗಳು. ವಿಮರ್ಶೆಗಳಲ್ಲಿ ಇವಕ್ಕೆ ಸಿಗುವುದು ಒಂದು ಸಾಲು, ಒಳಗಿನ ಡ್ಯಾಕ್ ಚಿಪ್‌ನ ಹೆಸರಿಗೆ ಮೂರು ಪ್ಯಾರಾ.

ಬೆಂಗಳೂರಿನಲ್ಲಿ ಮೊದಲ ಸಂಬಳದ ಹುಡುಗ ಹುಡುಗಿಯರು ಈ ಬರಹಗಳನ್ನು ನಂಬಿ ಕಂತಿನ ಮೇಲೆ ಡ್ಯಾಕ್ ಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಅದೇ ಹಣವನ್ನು ಹೆಡ್‌ಫೋನಿಗೆ ಹಾಕಿದ್ದರೆ ಅವರಿಗೆ ನಿಜವಾದ ವ್ಯತ್ಯಾಸ ಕೇಳಿಸುತ್ತಿತ್ತು. ಫೋನಿಗೆ ಹೆಡ್‌ಫೋನ್ ಸಿಕ್ಕಿಸುವ, ಸಾವಿರ ರೂಪಾಯಿ ಆಸುಪಾಸಿನ ಆಪಲ್ ಅಡಾಪ್ಟರ್ ಸುಲಭವಾಗಿ ನುಡಿಯುವ ಹೆಡ್‌ಫೋನುಗಳಿಗೆ ಸಾಕು ಎಂದು ಅಂಗಡಿಯವರು ಬಾಯಿಬಿಟ್ಟು ಹೇಳಬೇಕು.

ಸರಿಯಾದ ಪರೀಕ್ಷೆಗೆ ಲ್ಯಾಬ್ ಬೇಡ. 100 ಹರ್ಟ್ಸ್ ಸ್ವರವೊಂದನ್ನು ನುಡಿಸಿ, ಹೆಡ್‌ಫೋನ್ ಸಿಕ್ಕಿಸಿದ್ದಂತೆಯೇ ಎರಡೂ ಸಾಧನಗಳ ವೋಲ್ಟೇಜನ್ನು ಒಳ್ಳೆಯ ಮಲ್ಟಿಮೀಟರಿನಲ್ಲಿ ಸಮ ಮಾಡಬಹುದು. ಸಾಮಾನ್ಯ ಮೀಟರುಗಳು ಹೆಚ್ಚು ಕಂಪನಾಂಕದಲ್ಲಿ ತಪ್ಪು ತೋರಿಸುವುದರಿಂದ ತಗ್ಗು ಸ್ವರವೇ ಸೂಕ್ತ. ನಡುವೆ ಒಂದು ಸ್ವಿಚ್ ಡಬ್ಬಿ, ಅದನ್ನು ಗಿರಾಕಿಯ ಕಣ್ಣಿಗೆ ಬೀಳದಂತೆ ಬದಲಿಸಲು ಒಬ್ಬ ಹುಡುಗ. ಅರ್ಧ ಗಂಟೆಯ ಕೆಲಸ. ಲಕ್ಷ ರೂಪಾಯಿಯ ಡ್ಯಾಕ್ ಮಾರುವ ಯಾವ ಅಂಗಡಿಯೂ ಇದಕ್ಕೆ ಸಮಯವಿಲ್ಲ ಎನ್ನುವಂತಿಲ್ಲ, ಅದನ್ನು ಹೊಗಳಿ ಬರೆಯುವ ಯಾವ ಪತ್ರಿಕೆಯೂ ಅನ್ನುವಂತಿಲ್ಲ.